ಟರ್ಕಿಶ್‌ನಲ್ಲಿ ಕರ್ಮಕ್ಕೆ ಯಾವ ವಿಭಕ್ತಿ: ಕ್ರಿಯಾಪದದ ಅರ್ಥ ಹಿಡಿದು ಲೆಕ್ಕ ಹಾಕುವ ಬಗೆ

ಟರ್ಕಿಶ್ ಕಲಿಯಲು ಕೂತ ಕನ್ನಡಿಗರಿಗೆ ಮೊದಮೊದಲು ಎಲ್ಲವೂ ಸಲೀಸು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟುತ್ತದೆ, ನಮ್ಮ ‘ಅನ್ನು’ಗೆ ಒಂದು, ‘ಗೆ’ಗೆ ಒಂದು, ‘ಇಂದ’ಕ್ಕೆ ಒಂದು ಪ್ರತ್ಯಯ ಅಲ್ಲಿಯೂ ಸಿಗುತ್ತದೆ. ಎಡವುವುದು ಆಮೇಲೆ, ಕನ್ನಡದ ‘ಅನ್ನು’ ಇರುವ ಕಡೆಯಲ್ಲೆಲ್ಲ ಟರ್ಕಿಶ್ ‘ಅನ್ನು’ ಹಾಕಿದಾಗ.

ಒಂದು ಜೋಡಿ ನೋಡಿ. ‘ಅದಮ ವುರ್ದು’ ಎಂದರೆ ಆ ಮನುಷ್ಯನಿಗೆ ಹೊಡೆದ. ‘ಅದಮಿ ವುರ್ದು’ ಎಂದರೆ ಆ ಮನುಷ್ಯನಿಗೆ ಗುಂಡು ಹೊಡೆದ. ಎರಡರಲ್ಲೂ ಕ್ರಿಯಾಪದ ‘ವುರ್ಮಕ್’ ಒಂದೇ. ಪ್ರತ್ಯಯದ ಒಂದು ಸ್ವರ ಬದಲಾದರೆ ಹಲ್ಲೆ ಪ್ರಕರಣ ಗುಂಡೇಟಿನ ಪ್ರಕರಣವಾಗುತ್ತದೆ. ಕನ್ನಡದಲ್ಲೂ ಇದರ ನೆರಳಿದೆ: ‘ಅವನಿಗೆ ಹೊಡೆದ’ ಎಂದರೆ ಪೆಟ್ಟು ಕೊಟ್ಟ, ‘ಹುಲಿಯನ್ನು ಹೊಡೆದ’ ಎಂದರೆ ಕೊಂದೇ ಹಾಕಿದ.

ಟರ್ಕಿಶ್‌ನಲ್ಲಿ ಕರ್ಮದ ರೂಪ ತೀರ್ಮಾನವಾಗುವುದು ಎರಡು ಬೇರೆ ಬೇರೆ ಪ್ರಶ್ನೆಗಳಿಂದ, ಇದೇ ಕ್ರಮದಲ್ಲಿ. ಒಂದು, ಈ ಕ್ರಿಯಾಪದ ಯಾವ ವಿಭಕ್ತಿ ಬೇಡುತ್ತದೆ? ಎರಡು, ಅದು ‘ಅನ್ನು’ ಬೇಡುವ ಕ್ರಿಯಾಪದವೇ ಆಗಿದ್ದರೆ ಆ ಪ್ರತ್ಯಯವನ್ನು ಉಚ್ಚರಿಸಬೇಕೋ ಬಿಡಬೇಕೋ? ಹೆಚ್ಚಿನ ಪಾಠಪುಸ್ತಕಗಳು ಎರಡನೆಯದಕ್ಕೆ ಒಂದಿಡೀ ಅಧ್ಯಾಯ ಕೊಟ್ಟು ಮೊದಲನೆಯದನ್ನು ಶಬ್ದಪಟ್ಟಿಗೆ ತಳ್ಳಿಬಿಡುತ್ತವೆ. ಕನ್ನಡಿಗರ ಮಟ್ಟಿಗೆ ಇದು ತಲೆಕೆಳಗು. ಎರಡನೆಯದು ನಮಗೆ ಅರ್ಧ ಗೊತ್ತಿರುವುದೇ, ಮೊದಲನೆಯದೇ ಕೈಕೊಡುವುದು.

ಲಿಪಿ ಮತ್ತು ಪ್ರತ್ಯಯ, ಬೇಗ ಮುಗಿಸೋಣ

ಟರ್ಕಿಶ್‌ಗೆ ಎಂಟು ಸ್ವರ. ಅವುಗಳಲ್ಲಿ ಮೂರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ತುಟಿ ದುಂಡಗೆ ಮಾಡಿ ಹೇಳುವ ‘ಎ’ಯನ್ನು ಇಲ್ಲಿ ‘ಒ’ ಎಂದೂ, ತುಟಿ ದುಂಡಗೆ ಮಾಡಿ ಹೇಳುವ ‘ಇ’ಯನ್ನು ‘ಉ’ ಎಂದೂ, ತುಳುವಿನ ಅರ್ಧ ಉಕಾರಕ್ಕೆ ಹತ್ತಿರವಾದ ಚುಕ್ಕೆಯಿಲ್ಲದ ‘ಇ’ಯನ್ನು ‘ಇ’ ಎಂದೂ ಬರೆದಿದೆ. ಉಚ್ಚಾರಣೆಯನ್ನು ಧ್ವನಿಮುದ್ರಿಕೆ ಕೇಳಿ ಕಲಿಯಿರಿ, ಇಲ್ಲಿ ಬೇಕಿರುವುದು ಪ್ರತ್ಯಯದ ಗುರುತು ಮಾತ್ರ.

ನಾಲ್ಕು ಪ್ರತ್ಯಯಗಳು ಮುಖ್ಯ. ಟರ್ಕಿಶ್ ನಿಘಂಟುಗಳ ರೂಢಿಯಂತೆ ಅವುಗಳನ್ನು -ಇ, -ಎ, -ದೆನ್, -ಲೆ ಎಂದು ಕರೆಯೋಣ. -ಇ ನಮ್ಮ ದ್ವಿತೀಯಾ, ಹಿಂದಿನ ಸ್ವರ ನೋಡಿಕೊಂಡು ‘ಉ’ ಕೂಡ ಆಗುತ್ತದೆ. -ಎ ನಮ್ಮ ಚತುರ್ಥೀ, ‘ಅ’ ಆಗಬಹುದು. -ದೆನ್ ಎನ್ನುವುದು ‘ಅಲ್ಲಿಂದ’ ಎಂಬರ್ಥದ ‘ಇಂದ’. ದನ್, ತೆನ್, ತನ್ ಇದರ ಬೇರೆ ರೂಪಗಳು. -ಲೆ ಎಂದರೆ ‘ಜೊತೆ’, ಸಾಧನ ಹೇಳುವಾಗಿನ ‘ಇಂದ’ವೂ ಇದೇ. ಇಲ್ಲೇ ಒಂದು ಗುಂಡಿಯಿದೆ: ಚಾಕುವಿನಿಂದ ಕತ್ತರಿಸಿದೆ ಎನ್ನಲು ‘ಬಿಚಕ್ಲ ಕೆಸ್ತಿಮ್’ ಎನ್ನಬೇಕು. ‘ಬಿಚಕ್ತನ್’ ಎಂದರೆ ಚಾಕುವಿನ ಕಡೆಯಿಂದ ಎಂದಾಗುತ್ತದೆ. ಕನ್ನಡದ ಒಂದು ‘ಇಂದ’ ಅಲ್ಲಿ ಎರಡಾಗಿ ಒಡೆದಿದೆ.

ಸ್ವರಾಂತ ಪದದ ಮುಂದೆ -ಇ, -ಎ ಬಂದರೆ ನಡುವೆ ‘ಯ್’ ಸೇರುತ್ತದೆ (‘ಕಪಿ’ ಎಂದರೆ ಬಾಗಿಲು: ಕಪಿ, ಕಪಿಯಿ, ಕಪಿಯ). ‘ಅವನ, ಅವಳ’ ಎಂಬ ಸಂಬಂಧಸೂಚಕ ಈಗಾಗಲೇ ಅಂಟಿದ್ದರೆ ‘ನ್’ (ಅರಬಸಿ ಎಂದರೆ ಅವನ ಕಾರು, ಅರಬಸಿನಿ ಎಂದರೆ ಅವನ ಕಾರನ್ನು). ಪದದ ಕೊನೆಯ ಪ್, ಚ್, ತ್, ಕ್ ಅನೇಕ ಕಡೆ ಮೆತ್ತಗಾಗುತ್ತವೆ, ಹಾಗಾಗಿ ‘ಕಿತಪ್’ (ಪುಸ್ತಕ) ಎಂಬುದು ‘ಕಿತಬಿ’ ಆಗುತ್ತದೆ, ‘ಕೊಪೆಕ್’ (ನಾಯಿ) ಎಂಬುದು ‘ಕೊಪೆಯಿ’.

ಹಂತ 1: ಕ್ರಿಯಾಪದದ ಬೇಡಿಕೆ ಗುರುತು ಹಾಕಿಕೊಳ್ಳಿ

ಟರ್ಕಿಯ ಭಾಷಾ ಸಂಸ್ಥೆ ‘ತುರ್ಕ್ ದಿಲ್ ಕುರುಮು’ 1932ರಲ್ಲಿ ಸ್ಥಾಪನೆಯಾದದ್ದು. ಅದರ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪ್ರತಿ ಕ್ರಿಯಾಪದದ ಅರ್ಥದ ಪಕ್ಕ -ಇ, -ಎ, -ದೆನ್, -ಲೆ ಎಂಬ ಗುರುತು ಇರುತ್ತದೆ. ಕರ್ಮವೇ ಬೇಡದ ಕ್ರಿಯಾಪದಕ್ಕೆ ‘ನೆಸ್ನೆಸಿಜ಼್’ ಎಂಬುದರ ಸಂಕ್ಷೇಪ. ಗಮನಿಸಿ: ಗುರುತು ಇರುವುದು ಕ್ರಿಯಾಪದಕ್ಕಲ್ಲ, ಅದರ ಒಂದೊಂದು ಅರ್ಥಕ್ಕೆ. ‘ವುರ್ಮಕ್’ ತೆರೆದರೆ ಪೆಟ್ಟು ಕೊಡುವ ಅರ್ಥಕ್ಕೆ -ಎ, ಗುಂಡಿಕ್ಕುವ ಅರ್ಥಕ್ಕೆ -ಇ. ಮೊದಲ ಸಾಲು ಓದಿ ಪುಟ ಮುಚ್ಚುವವರು ಇದನ್ನು ಕಾಣುವುದೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಕ್ರಿಯಾಪದವನ್ನು ಒಂಟಿಯಾಗಿ ಬರೆಯಬೇಡಿ. ‘ಬಿರಿ’ ಎಂದರೆ ಯಾರೋ ಒಬ್ಬರು. ಅದನ್ನು ಸೇರಿಸಿಯೇ ಬರೆಯಿರಿ: ‘ಬಿರಿನಿ ಬೆಕ್ಲೆಮೆಕ್’ (ಕಾಯು), ‘ಬಿರಿನೆ ಯರ್ದಿಮ್ ಎತ್ಮೆಕ್’ (ಸಹಾಯ ಮಾಡು), ‘ಬಿರಿಂದೆನ್ ಕೊರ್ಕ್ಮಕ್’ (ಹೆದರು), ‘ಬಿರಿಯ್ಲೆ ಎವ್ಲೆನ್ಮೆಕ್’ (ಮದುವೆಯಾಗು). ಹೀಗೆ ಬಾಯಿಪಾಠವಾದ ಕ್ರಿಯಾಪದ ನಾಲಿಗೆಗೆ ಬರುವಾಗಲೇ ತನ್ನ ಪ್ರತ್ಯಯವನ್ನು ಎಳೆದುಕೊಂಡು ಬರುತ್ತದೆ. ಕನ್ನಡ ಅರ್ಥ ಮಾತ್ರ ಬರೆದಿಟ್ಟರೆ ಬರುವುದು ಕನ್ನಡದ ಪ್ರತ್ಯಯ.

ಹಂತ 2: ಅರ್ಥದ ತರ್ಕ ಹಿಡಿಯಿರಿ

ಬೇಡಿಕೆಯ ಹಿಂದೆ ಒಂದು ತರ್ಕವಿದೆ. ಕ್ರಿಯೆ ಕರ್ಮವನ್ನು ಎಷ್ಟು ಆಳವಾಗಿ ತಟ್ಟುತ್ತದೆ ಎಂಬುದೇ ಅದರ ಅಳತೆ. ಮುರಿ, ಕತ್ತರಿಸು, ಕೊಲ್ಲು, ತೊಳೆ: ವಸ್ತು ಮೊದಲಿದ್ದಂತೆ ಉಳಿಯುವುದಿಲ್ಲ. ಇವೆಲ್ಲ -ಇ ಕ್ರಿಯಾಪದಗಳು. ಮುಟ್ಟು (ದೊಕುನ್ಮಕ್), ಪೆಟ್ಟು ಕೊಡು (ವುರ್ಮಕ್), ಮೇಲೆ ಬೀಳು (ಸಲ್ದಿರ್ಮಕ್), ಡಿಕ್ಕಿ ಹೊಡೆ (ಚರ್ಪ್ಮಕ್): ಕ್ರಿಯೆ ವಸ್ತುವಿನ ತನಕ ಹೋಗಿ ತಾಕುತ್ತದೆ, ಆದರೆ ಅದು ಬದಲಾಗಲೇಬೇಕೆಂದಿಲ್ಲ. ಇವು -ಎ. ಕಣ್ಣಿನ ಕೆಲಸಕ್ಕೂ ಇದೇ ಲೆಕ್ಕ: ‘ಬಕ್ಮಕ್’ ಎಂದರೆ ದೃಷ್ಟಿ ಅತ್ತ ಹಾಯಿಸು, ಹಾಗಾಗಿ -ಎ, ‘ಗೊರ್ಮೆಕ್’ ಎಂದರೆ ಕಣ್ಣಿಗೆ ಬಿತ್ತು, ಕೆಲಸ ಕೈಗೂಡಿತು, ಹಾಗಾಗಿ -ಇ. ಜಪಾನಿನ ಭಾಷಾವಿಜ್ಞಾನಿ ತಸಾಕು ತ್ಸುನೋಡ 1985ರಲ್ಲಿ ಇಂಥದ್ದೇ ಒಂದು ಏಣಿಯನ್ನು ಹಲವು ಭಾಷೆಗಳಿಗೆ ಅನ್ವಯಿಸಿ ತೋರಿಸಿದರು. ನೇರವಾಗಿ ಬದಲಾಯಿಸುವ ಕ್ರಿಯೆಗಳು ಒಂದು ತುದಿಗೆ. ಗ್ರಹಿಕೆ, ಹುಡುಕಾಟ, ತಿಳಿವು, ಭಾವನೆ ಒಂದರ ಹಿಂದೊಂದು ಅದರಿಂದ ದೂರ. ದೂರ ಹೋದಂತೆಲ್ಲ ದ್ವಿತೀಯಾ ವಿಭಕ್ತಿಯ ಹಿಡಿತ ಸಡಿಲ.

ಗಾಡಿ ಹತ್ತುವುದೂ ಅಲ್ಲಿ ಒಂದು ಜಾಗಕ್ಕೆ ಹೋದ ಹಾಗೆ: ‘ಒತೊಬುಸೆ ಬಿಂದಿಮ್’, ಬಸ್ಸಿಗೆ ಏರಿದೆ. ಇಳಿಯುವುದು ಅಲ್ಲಿಂದ ಬಂದ ಹಾಗೆ: ‘ಒತೊಬುಸ್ತೆನ್ ಇಂದಿಮ್’. ಇಬ್ಬರು ಸೇರದೆ ನಡೆಯದ ಕೆಲಸಗಳಿಗೆ (ಮದುವೆ, ಭೇಟಿ, ಜಗಳ, ಮಾತುಕತೆ) -ಲೆ.

ಭಾವನೆಗಳ ವಿಷಯದಲ್ಲಿ ತರ್ಕ ತುಸು ತೂಗಾಡುತ್ತದೆ. ಹಿಂದೆ ಸರಿಯುವ ಭಾವಗಳು -ದೆನ್ ಕಡೆಗೆ: ಕೊರ್ಕ್ಮಕ್ (ಹೆದರು), ನೆಫ್ರೆತ್ ಎತ್ಮೆಕ್ (ದ್ವೇಷಿಸು), ಉತನ್ಮಕ್ (ನಾಚು), ಬಿಕ್ಮಕ್ (ಬೇಸತ್ತುಹೋಗು), ಶುಪ್ಹೆಲೆನ್ಮೆಕ್ (ಸಂಶಯಪಡು). ಒಂದು ಘಟನೆಗೆ ತಕ್ಷಣ ಚಿಮ್ಮುವ ಪ್ರತಿಕ್ರಿಯೆಗಳು -ಎ ಕಡೆಗೆ: ಕಿಜ಼್ಮಕ್ (ಸಿಟ್ಟಾಗು), ಗುಲ್ಮೆಕ್ (ನಗು), ಸೆವಿನ್ಮೆಕ್ (ಸಂತೋಷಪಡು), ಶಶಿರ್ಮಕ್ (ಬೆರಗಾಗು), ಅಜಿಮಕ್ (ಮರುಗು). ಮನಸ್ಸಿನಲ್ಲಿ ಬಹುಕಾಲ ಇಟ್ಟುಕೊಳ್ಳುವಂಥವು -ಇ: ಸೆವ್ಮೆಕ್ (ಪ್ರೀತಿಸು), ಒಜ಼್ಲೆಮೆಕ್ (ನೆನೆದು ಹಂಬಲಿಸು), ಕಿಸ್ಕನ್ಮಕ್ (ಅಸೂಯೆಪಡು). ಹೆಮ್ಮೆ ಮಾತ್ರ -ಲೆ: ‘ಸೆನಿನ್ಲೆ ಗುರುರ್ ದುಯುಯೊರುಮ್’, ನಿನ್ನ ಬಗ್ಗೆ ಹೆಮ್ಮೆಯಿದೆ. ಇದನ್ನು ನಿಯಮ ಎನ್ನುವುದಕ್ಕಿಂತ ನೆನಪಿಗೊಂದು ಊರುಗೋಲು ಎನ್ನುವುದೇ ಸರಿ. ‘ಹೊಶ್ಲನ್ಮಕ್’ ಎಂದರೆ ಇಷ್ಟಪಡು, ಅದರಲ್ಲಿ ಹಿಂದೆ ಸರಿಯುವ ಮಾತೇ ಇಲ್ಲ, ಆದರೂ ಬೇಡುವುದು -ದೆನ್.

ಹಂತ 3: ಕನ್ನಡ ಅಡ್ಡ ಬರುವ ಜಾಗಗಳು

ಇವನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ. ಎಡಗಡೆ ಕನ್ನಡದ ವಿಭಕ್ತಿ, ಬಲಗಡೆ ಟರ್ಕಿಶ್‌ನದು.

ಅವನನ್ನು ಕೇಳಿದೆ: ‘ಒನ ಸೊರ್ದುಮ್’, -ಎ
ನಿನ್ನನ್ನು ನಂಬುತ್ತೇನೆ: ‘ಸನ ಇನನಿಯೊರುಮ್’, -ಎ
ಅದನ್ನು ಮುಟ್ಟಬೇಡ: ‘ಒನ ದೊಕುನ್ಮ’, -ಎ
ಕೆಲಸವನ್ನು ಶುರು ಮಾಡಿದೆ: ‘ಇಶೆ ಬಶ್ಲದಿಮ್’, -ಎ
ಅಪ್ಪನನ್ನು ಹೋಲುತ್ತಾನೆ: ‘ಬಬಸಿನ ಬೆನ್ಜ಼ಿಯೊರ್’, -ಎ
ಅವನ ಮೇಲೆ ಸಿಟ್ಟಾದೆ: ‘ಒನ ಕಿಜ಼್ದಿಮ್’, -ಎ
ಅವಳನ್ನು ಮದುವೆಯಾದ: ‘ಒನುನ್ಲ ಎವ್ಲೆಂದಿ’, -ಲೆ
ಅದನ್ನು ದ್ವೇಷಿಸುತ್ತೇನೆ: ‘ಒಂದನ್ ನೆಫ್ರೆತ್ ಎದಿಯೊರುಮ್’, -ದೆನ್
ನಾಯಿಗೆ ಹೆದರುತ್ತೇನೆ: ‘ಕೊಪೆಕ್ತೆನ್ ಕೊರ್ಕುಯೊರುಮ್’, -ದೆನ್
ನಿನಗೋಸ್ಕರ ಕಾಯ್ತಿದೀನಿ: ‘ಸೆನಿ ಬೆಕ್ಲಿಯೊರುಮ್’, -ಇ

ಇನ್ನೊಂದು ಗುಂಪಿದೆ. ಕನ್ನಡದಲ್ಲಿ ಅನುಭವಿಸುವವನಿಗೇ ‘ಗೆ’ ಹತ್ತುತ್ತದೆ: ನನಗೆ ಕಾಫಿ ಇಷ್ಟ, ನನಗೆ ಗೊತ್ತು. ಟರ್ಕಿಶ್‌ನಲ್ಲಿ ಅನುಭವಿಸುವವನೇ ಕರ್ತೃ: ‘ಕಹ್ವೆ ಸೆವೆರಿಮ್’, ‘ಬಿಲಿಯೊರುಮ್’. ‘ಬನ ಬಿಲಿಯೊರುಮ್’ ಎಂದು ಬಾಯಿಗೆ ಬಂದರೆ ಅದು ಟರ್ಕಿಶ್ ವೇಷದ ಕನ್ನಡ. ಆದರೂ ನಮ್ಮ ‘ಬೇಕು’ ತದ್ರೂಪು ಸಿಗುತ್ತದೆ: ‘ಬನ ಪರ ಲಾಜ಼ಿಮ್’, ನನಗೆ ದುಡ್ಡು ಬೇಕು.

ಹಂತ 4: ಎರಡು ಪದದ ಕ್ರಿಯಾಪದಗಳು

‘ನಿನಗೆ ಫೋನ್ ಮಾಡ್ತೀನಿ’ ಎನ್ನಲು ಎರಡು ದಾರಿ: ‘ಸೆನಿ ಅರರಿಮ್’, ‘ಸನ ತೆಲೆಫೊನ್ ಎದೆರಿಮ್’. ಒಂದೇ ಕೆಲಸ, ಬೇರೆ ವಿಭಕ್ತಿ. ಕಾರಣ ಸರಳ. ಎರಡನೆಯದರಲ್ಲಿ ಕರ್ಮದ ಜಾಗವನ್ನು ‘ತೆಲೆಫೊನ್’ ಆಗಲೇ ಹಿಡಿದು ಕೂತಿದೆ. ಮನುಷ್ಯನಿಗೆ ಉಳಿದದ್ದು -ಎ.

ಕನ್ನಡದಲ್ಲಿ ‘ಅವರಿಗೆ ಸನ್ಮಾನ ಮಾಡಿದರು’ ಆದರೆ ‘ಅವರನ್ನು ಸನ್ಮಾನಿಸಿದರು’. ‘ಅವನಿಗೆ ಅವಮಾನ ಮಾಡಿದ’ ಆದರೆ ‘ಅವನನ್ನು ಅವಮಾನಿಸಿದ’. ನಮ್ಮ ‘ಇಸು’ ಮಾಡುವ ಕೆಲಸವನ್ನು ಅಲ್ಲಿ ‘-ಲಮಕ್, -ಲೆಮೆಕ್’ ಮಾಡುತ್ತದೆ. ಚೆಂಡಿಗೆ ಒದೆ ಕೊಟ್ಟ ಎನ್ನಲು ‘ತೊಪ ತೆಕ್ಮೆ ಅತ್ತಿ’, ಚೆಂಡನ್ನು ಒದ್ದ ಎನ್ನಲು ‘ತೊಪು ತೆಕ್ಮೆಲೆದಿ’. ಪ್ರಶ್ನೆಗೆ ಉತ್ತರ ಕೊಟ್ಟೆ: ‘ಸೊರುಯ ಜೆವಪ್ ವೆರ್ದಿಮ್’. ಪ್ರಶ್ನೆಯನ್ನು ಉತ್ತರಿಸಿದೆ: ‘ಸೊರುಯು ಜೆವಪ್ಲದಿಮ್’. ‘ಸೆಲಮ್ ವೆರ್ಮೆಕ್’ -ಎ, ‘ಸೆಲಮ್ಲಮಕ್’ -ಇ. ಈ ಜೋಡಿಗಳನ್ನು ಒಟ್ಟಿಗೇ ಕಲಿತರೆ ಎರಡೂ ನಿಲ್ಲುತ್ತವೆ.

ಆದರೆ ‘ಎತ್ಮೆಕ್’ (ಮಾಡು) ಸೇರಿದ ಎಲ್ಲವೂ -ಎ ಎಂದುಕೊಂಡರೆ ಕೆಟ್ಟಿರಿ. ಜ಼ಿಯಾರೆತ್ ಎತ್ಮೆಕ್ (ಭೇಟಿ ಕೊಡು), ದಾವೆತ್ ಎತ್ಮೆಕ್ (ಆಹ್ವಾನಿಸು), ತಾಕಿಪ್ ಎತ್ಮೆಕ್ (ಹಿಂಬಾಲಿಸು), ತೆರ್ಕ್ ಎತ್ಮೆಕ್ (ತೊರೆ), ಇಕ್ನಾ ಎತ್ಮೆಕ್ (ಮನವೊಲಿಸು), ಇವೆಲ್ಲ -ಇ. ಇಲ್ಲಿ ಮೊದಲ ಪದ ‘ಎತ್ಮೆಕ್’ ಜೊತೆ ಬೆಸೆದು ಒಂದೇ ಕ್ರಿಯಾಪದವಾಗಿದೆ. ಕರ್ಮದ ಜಾಗ ಖಾಲಿಯಿದೆ. ಯಾವುದು ಬೆಸೆದಿದೆ, ಯಾವುದು ಇಲ್ಲ ಎಂದು ಹೊರಗಿನಿಂದ ನೋಡಿ ಹೇಳಲಾಗದು. ನಿಘಂಟೇ ಗತಿ.

ಹಂತ 5: ಒಂದೇ ಕ್ರಿಯಾಪದ, ಎರಡು ವಿಭಕ್ತಿ

ಟರ್ಕಿಶ್‌ನ ರುಚಿ ಹತ್ತುವುದು ಇಲ್ಲಿ. ಕೆಲವನ್ನು ಬಿಡಿಸಿ ನೋಡೋಣ.

ಸೊರ್ಮಕ್. ‘ಸನ ಸೊರ್ದು’: ನಿನ್ನನ್ನೇ ಪ್ರಶ್ನೆ ಕೇಳಿದ. ‘ಸೆನಿ ಸೊರ್ದು’: ನಿನ್ನ ಬಗ್ಗೆ ವಿಚಾರಿಸಿದ, ಹೇಗಿದ್ದೀಯ, ಎಲ್ಲಿದ್ದೀಯ ಎಂದು. ಕೇಳಿದ ವಿಷಯಕ್ಕೆ -ಇ, ಕೇಳಿಸಿಕೊಂಡವನಿಗೆ -ಎ. ಎರಡೂ ಒಂದೇ ವಾಕ್ಯದಲ್ಲಿ ಬರಬಹುದು: ‘ಸೊರುಯು ಓರೆತ್ಮೆನೆ ಸೊರ್ದುಮ್’, ಪ್ರಶ್ನೆಯನ್ನು ಮೇಷ್ಟರಿಗೆ ಕೇಳಿದೆ.

ಬಸ್ಮಕ್. -ಎ ಬಂದರೆ ತುಳಿ, ಒತ್ತು: ‘ಫ್ರೆನೆ ಬಸ್ತಿ’, ಬ್ರೇಕ್ ಒತ್ತಿದ. ಹುಲ್ಲು ತುಳಿಯಬೇಡಿ ಎಂಬ ಉದ್ಯಾನದ ಫಲಕವೂ ಹೀಗೆಯೇ: ‘ಚಿಮ್ಲೆರೆ ಬಸ್ಮಯಿನಿಜ಼್’. -ಇ ಬಂದರೆ ಮುದ್ರಿಸು, ಇಲ್ಲವೇ ದಾಳಿ ಮಾಡು: ‘ಕಿತಬಿ ಬಸ್ತಿಲರ್’, ಪುಸ್ತಕ ಅಚ್ಚು ಹಾಕಿದರು, ‘ಪೊಲಿಸ್ ಎವಿ ಬಸ್ತಿ’, ಪೊಲೀಸರು ಮನೆ ಮೇಲೆ ದಾಳಿ ಮಾಡಿದರು. ಪೊಲೀಸ್ ಮನೆಯನ್ನು ತುಳಿಯಲಿಲ್ಲ, ಇಡಿಯಾಗಿ ವಶಕ್ಕೆ ತೆಗೆದುಕೊಂಡಿತು. -ಇ ಹೇಳುವುದು ಅದನ್ನು.

ಅನ್ಲಮಕ್. ‘ಸೆನಿ ಅನ್ಲದಿಮ್’: ನಿನ್ನನ್ನು ಅರ್ಥ ಮಾಡಿಕೊಂಡೆ. ‘ಅರಬದನ್ ಅನ್ಲರ್’: ಕಾರಿನ ವಿಷಯ ಅವನಿಗೆ ಚೆನ್ನಾಗಿ ಗೊತ್ತು. -ದೆನ್ ಬಂದಾಗ ಅದು ಒಂದು ಸಲದ ತಿಳಿವಳಿಕೆಯಲ್ಲ, ಒಂದು ಕ್ಷೇತ್ರದ ಪರಿಣತಿ.

ತಿನ್ನುವುದು, ಕುಡಿಯುವುದು. ‘ಪಸ್ತಯಿ ಯೆದಿಮ್’: ಆ ಕೇಕನ್ನು ತಿಂದೆ, ಸಾಧಾರಣವಾಗಿ ಪೂರ್ತಿ ಎಂದೇ ಅರ್ಥ. ‘ಪಸ್ತದನ್ ಯೆದಿಮ್’: ಅದರಲ್ಲಿ ಸ್ವಲ್ಪ ತಿಂದೆ. ‘ಪಸ್ತ ಯೆದಿಮ್’: ಕೇಕು ತಿಂದೆ ಅಷ್ಟೇ. ನೆಂಟರ ಮನೆಯಲ್ಲಿ ಮೂರಕ್ಕೂ ಬೇರೆ ಬೇರೆ ಪ್ರತಿಕ್ರಿಯೆ ಬರುತ್ತದೆ.

ಸುತ್ತುವ, ದಾಟುವ ಕ್ರಿಯಾಪದಗಳಲ್ಲೂ ಇದೇ ವ್ಯತ್ಯಾಸ. ‘ಇಸ್ತಾಂಬುಲು ಗೆಜ಼್ದಿಕ್’ ಎಂದರೆ ಇಸ್ತಾಂಬುಲನ್ನು ಸುತ್ತಿ ನೋಡಿದೆವು, ‘ಇಸ್ತಾಂಬುಲ್ದ ಗೆಜ಼್ದಿಕ್’ ಎಂದರೆ ಇಸ್ತಾಂಬುಲಿನಲ್ಲಿ ಅಡ್ಡಾಡಿದೆವು. ಮೊದಲನೆಯದು ಊರನ್ನು ಗುರಿ ಮಾಡುತ್ತದೆ, ಎರಡನೆಯದಕ್ಕೆ ಊರು ಬರೀ ಜಾಗ. ‘ಕೊಪ್ರುಯು ಗೆಚ್ತಿಕ್’ ಸೇತುವೆಯನ್ನು ದಾಟಿ ಆಚೆ ಮುಟ್ಟಿದೆವು, ‘ಕೊಪ್ರುದೆನ್ ಗೆಚ್ತಿಕ್’ ಸೇತುವೆಯ ಮೇಲಿಂದ ಹಾದು ಬಂದೆವು. ‘ಸುಯ ಅತ್ಲದಿ’ ನೀರಿಗೆ ಹಾರಿದ, ‘ಸಯ್ಫಯಿ ಅತ್ಲದಿ’ ಪುಟ ಹಾರಿಸಿಬಿಟ್ಟ.

ಹಂತ 6: -ಇ ಉಚ್ಚರಿಸಬೇಕೋ, ಬಿಡಬೇಕೋ

ಈ ಪ್ರಶ್ನೆ ಹುಟ್ಟುವುದು -ಇ ಕ್ರಿಯಾಪದಗಳಿಗೆ ಮಾತ್ರ. ‘ಒತೊಬುಸೆ ಬಿಂದಿಮ್’ನಲ್ಲಿ ಬಸ್ಸು ಯಾವುದಾದರೂ ಇರಲಿ, -ಎ ಬಿಡುವಂತಿಲ್ಲ. ಟರ್ಕಿಯ ಶಾಲಾ ವ್ಯಾಕರಣ -ಎ, -ದೆನ್ ಹತ್ತಿದ ಪದವನ್ನು ಕರ್ಮವೆಂದು ಒಪ್ಪುವುದೇ ಇಲ್ಲ. ಕರ್ಮ ಎಂದರೆ ಅದಕ್ಕೆ -ಇ ಹತ್ತಿದ ಪದ ಅಥವಾ ಬರಿಯ ಪದ.

ಬಿಡುವಂತೆಯೇ ಇಲ್ಲದ ಕಡೆಗಳು: ಸರ್ವನಾಮ (ಬೆನಿ, ಸೆನಿ, ಒನು), ಅಂಕಿತನಾಮ, ‘ಬು, ಶು, ಒ’ (ಈ, ಆ) ಹತ್ತಿದ ನಾಮಪದ, ನನ್ನ-ನಿನ್ನ ಎಂದು ಗುರುತಾದ ವಸ್ತು (‘ಅರಬಮಿ ಸತ್ತಿಮ್’, ನನ್ನ ಕಾರು ಮಾರಿದೆ), ‘ಯಾವ’ ಎಂಬ ಪ್ರಶ್ನೆ (‘ಹಂಗಿ ಕಿತಬಿ’). ಕನ್ನಡದಲ್ಲಿ ‘ನನ್ನ ಕಾರು ಮಾರಿದೆ’ ಎಂದು ‘ಅನ್ನು’ ನುಂಗುತ್ತೇವೆ, ಟರ್ಕಿಶ್‌ನಲ್ಲಿ ನುಂಗುವಂತಿಲ್ಲ. ನಮ್ಮವರು ಎಡವಬಹುದಾದ ಜಾಗ ಇದು.

ಉಳಿದ ಕಡೆ ಅರ್ಥ ನೋಡಬೇಕು. ‘ಕಿತಪ್ ಒಕುದುಮ್’ ಓದುವ ಕೆಲಸ ಮಾಡಿದೆ. ‘ಬಿರ್ ಕಿತಪ್ ಒಕುದುಮ್’ ಒಂದು ಪುಸ್ತಕ ಓದಿದೆ. ‘ಕಿತಬಿ ಒಕುದುಮ್’ ನಾವಿಬ್ಬರೂ ಬಲ್ಲ ಆ ಪುಸ್ತಕವನ್ನು ಓದಿದೆ. ‘ಬಿರ್’ ಇದ್ದೂ -ಇ ಬರಬಹುದು, ಆಗ ಹೇಳುವವನ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ವಸ್ತು ಇರುತ್ತದೆ, ಅಥವಾ ಈ ಮೊದಲೇ ಪ್ರಸ್ತಾಪವಾದ ಗುಂಪಿನೊಳಗಿನ ಒಂದು. ಭಾಷಾವಿಜ್ಞಾನಿ ಮುರ್ವೆತ್ ಎಂಚ್ 1991ರಲ್ಲಿ ಬರೆದ ಪ್ರಬಂಧದ ಜೋಡಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಕೋಣೆಗೆ ಕೆಲವು ಮಕ್ಕಳು ಬಂದರು. ‘ಇಕಿ ಕಿಜ಼ಿ ತನಿಯೊರ್ದುಮ್’ ಎಂದರೆ ಆ ಬಂದವರಲ್ಲೇ ಇಬ್ಬರು ಹುಡುಗಿಯರ ಪರಿಚಯವಿತ್ತು. ‘ಇಕಿ ಕಿಜ಼್ ತನಿಯೊರ್ದುಮ್’ ಎಂದರೆ ಆ ಮಕ್ಕಳಿಗೆ ಸಂಬಂಧವಿಲ್ಲದ ಬೇರೆ ಯಾರೋ ಇಬ್ಬರು.

ಇಲ್ಲೂ ಕ್ರಿಯಾಪದದ ಅರ್ಥ ಕೈಯಾಡಿಸುತ್ತದೆ. ಹೊಸದಾಗಿ ಸೃಷ್ಟಿಸುವ ಕ್ರಿಯೆಗಳು (ಪತ್ರ ಬರೆ, ಅಡುಗೆ ಮಾಡು, ಮನೆ ಕಟ್ಟು) ಬರಿಯ ಪದದೊಡನೆ ಸುಖವಾಗಿರುತ್ತವೆ. ಬರೆಯುವ ಮೊದಲು ಪತ್ರವೇ ಇರಲಿಲ್ಲ, ಗುರುತು ಹಾಕಲು ಏನಿದೆ? ‘ಮೆಕ್ತುಬು ಯಜ಼್ದಿಮ್’ ಎಂದರೆ ಬರೆಯಬೇಕೆಂದು ಮಾತಾಗಿದ್ದ ಆ ಪತ್ರ. ಇದಕ್ಕೆ ತಿರುಗುಮುರುಗು, ಪ್ರೀತಿಯಂಥ ಭಾವಕ್ಕೆ ಕರ್ಮ ಮೊದಲೇ ಇರಬೇಕು. ‘ಬಿರ್ ಕದಿನಿ ಸೆವಿಯೊರ್’ ಒಬ್ಬ ಹೆಂಗಸನ್ನು ಪ್ರೀತಿಸುತ್ತಾನೆ; ಇಲ್ಲಿ -ಇ ತೆಗೆದರೆ ಕಿವಿಗೆ ಕರ್ಕಶ. ಆದರೆ ‘ಕಹ್ವೆ ಸೆವೆರಿಮ್’ ಚೆನ್ನಾಗಿಯೇ ಇದೆ, ಯಾಕೆಂದರೆ ಅದು ಒಂದು ಲೋಟ ಕಾಫಿಯ ಮೇಲಿನ ಪ್ರೀತಿಯಲ್ಲ, ಸ್ವಭಾವ. ಓದು, ತಿನ್ನು ಇಂಥ ಕ್ರಿಯೆಗಳಲ್ಲಿ ಬರಿಯ ಪದ ಬಂದರೆ ಹೊತ್ತು ಕಳೆದದ್ದು ಕಾಣುತ್ತದೆ (‘ಬಿರ್ ಸಾತ್ ಕಿತಪ್ ಒಕುದುಮ್’, ಒಂದು ಗಂಟೆ ಓದಿದೆ), -ಇ ಬಂದರೆ ಮುಗಿಸಿದ್ದು ಹೇಳಲು ಜಾಗವಾಗುತ್ತದೆ (‘ಕಿತಬಿ ಬಿರ್ ಸಾತ್ತೆ ಒಕುದುಮ್’, ಒಂದು ಗಂಟೆಯಲ್ಲಿ ಓದಿದೆ). ‘ಬಿತಿರ್ಮೆಕ್’ (ಮುಗಿಸು) ಇನ್ನೂ ಕಟ್ಟುನಿಟ್ಟು, ಬರೀ ‘ಕಿತಪ್ ಬಿತಿರ್ದಿಮ್’ ಎಂದರೆ ಅಸಹಜ.

‘ಸನ್ಮಕ್’ (ಎಂದುಕೊಳ್ಳು), ‘ಸೆಚ್ಮೆಕ್’ (ಆರಿಸು) ಇವು ಒಬ್ಬನನ್ನು ಇನ್ನೊಂದಾಗಿ ಕಾಣುವ ಕ್ರಿಯೆಗಳು. ಆ ಒಬ್ಬನಿಗೆ -ಇ, ಆ ಇನ್ನೊಂದು ಬರಿಯದು: ‘ಸೆನಿ ದೊಕ್ತೊರ್ ಸಂದಿಮ್’, ನಿನ್ನನ್ನು ಡಾಕ್ಟರ್ ಅಂದುಕೊಂಡೆ. ‘ಒನು ಬಶ್ಕನ್ ಸೆಚ್ತಿಲೆರ್’, ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದರು. ‘ಬಶ್ಕನಿ’ ಎಂದು ಎರಡಕ್ಕೂ ಅಂಟಿಸಬೇಡಿ.

ಮನುಷ್ಯರ ವಿಷಯದಲ್ಲಿ ನಮ್ಮ ಕಿವಿ ಮೋಸ ಮಾಡುತ್ತದೆ. ಕನ್ನಡದಲ್ಲಿ ಕರ್ಮ ಮನುಷ್ಯನಾದರೆ ‘ಅನ್ನು’ ಸಾಮಾನ್ಯವಾಗಿ ಬಿಡುವುದಿಲ್ಲ: ಒಬ್ಬ ಡಾಕ್ಟರನ್ನು ಹುಡುಕುತ್ತಿದ್ದೇನೆ. ಟರ್ಕಿಶ್‌ನಲ್ಲಿ ‘ಬಿರ್ ದೊಕ್ತೊರ್ ಅರಿಯೊರುಮ್’ ಪೂರಾ ಸರಿ, ಯಾರಾದರೂ ಡಾಕ್ಟರ್ ಸಿಕ್ಕರೆ ಸಾಕು ಎಂದರ್ಥ. ‘ಬಿರ್ ದೊಕ್ತೊರು’ ಎಂದರೆ ಗೊತ್ತಿರುವ ಒಬ್ಬರನ್ನೇ. ನಮ್ಮಲ್ಲೂ ‘ಹೆಣ್ಣು ಕೇಳೋಕೆ ಹೋದರು’ ಎನ್ನುವಾಗ ‘ಅನ್ನು’ ಮಾಯ. ಟರ್ಕಿಯಲ್ಲೂ ಹುಡುಗನ ಮನೆಯವರು ಹೆಣ್ಣು ಕೇಳಲು ಹೋಗುವ ಪದ್ಧತಿಯಿದೆ, ಅದರ ಹೆಸರೂ ‘ಕಿಜ಼್ ಇಸ್ತೆಮೆಕ್’, -ಇ ಇಲ್ಲದೆ. ಮಾತುಕತೆ ಮುಗಿದ ಮೇಲೆ ‘ಕಿಜ಼ಿ ಇಸ್ತೆದಿಲೆರ್’ ಎಂದರೆ ಆ ಹುಡುಗಿಯನ್ನೇ ಕೇಳಿದರು.

ಭಾಷೆಗಳ ಹೆಸರೂ ಹೀಗೆಯೇ ಆಡುತ್ತವೆ. ‘ತುರ್ಕ್ಚೆ ಓರೆನಿಯೊರುಮ್’ ಟರ್ಕಿಶ್ ಕಲಿಯುತ್ತಿದ್ದೇನೆ. ವಾದ್ಯಕ್ಕೂ ಹಾಗೆ, ‘ಗಿತರ್ ಚಲಿಯೊರುಮ್’ ಗಿಟಾರ್ ನುಡಿಸುತ್ತೇನೆ. ‘ಚಲ್ಮಕ್’ ಎಂದರೆ ಕದಿ ಎಂತಲೂ ಅರ್ಥವಿರುವುದರಿಂದ ‘ಗಿತರಿಮಿ ಚಲ್ದಿಲರ್’ ಎಂದು ಗೋಳಾಡುವವರ ಗಿಟಾರನ್ನು ಬಹುಶಃ ಯಾರೂ ನುಡಿಸಿಲ್ಲ.

ಜಾಗದ ಕಟ್ಟುಪಾಡು ಒಂದಿದೆ. ಬರಿಯ ಕರ್ಮ ಕ್ರಿಯಾಪದಕ್ಕೆ ಆತುಕೊಂಡೇ ಕೂರಬೇಕು. ‘ದುನ್ ಕಿತಪ್ ಒಕುದುಮ್’ ಸರಿ, ‘ಕಿತಪ್ ದುನ್ ಒಕುದುಮ್’ ತಪ್ಪು, ‘ಕಿತಬಿ ದುನ್ ಒಕುದುಮ್’ ಸರಿ. ‘ಇಯಿ ತುರ್ಕ್ಚೆ ಬಿಲಿಯೊರ್’, ‘ತುರ್ಕ್ಚೆಯಿ ಇಯಿ ಬಿಲಿಯೊರ್’ ಎರಡೂ ನಡೆಯುತ್ತವೆ; ‘ಇಯಿ’ (ಚೆನ್ನಾಗಿ) ನಡುವೆ ನುಗ್ಗಿದೊಡನೆ -ಇ ಬೇಕೇ ಬೇಕು. ‘ಮಿ’ (ಪ್ರಶ್ನೆಯ ಆ), ‘ದ’ (ಊ) ಇಂಥ ಪುಟ್ಟ ಅವ್ಯಯಗಳು ಮಾತ್ರ ನಡುವೆ ಬರಬಹುದು.

ಹಂತ 7: ಇಡೀ ವಾಕ್ಯವೇ ಕರ್ಮವಾದಾಗ

ಕ್ರಿಯಾಪದದ ಬೇಡಿಕೆ ನಾಮಪದಕ್ಕೆ ನಿಲ್ಲುವುದಿಲ್ಲ. ‘ಯುಜ಼್ಮೆಕ್’ ಎಂದರೆ ಈಜು. ‘ಯುಜ಼್ಮೆಯಿ ಸೆವಿಯೊರುಮ್’ ಈಜೋದು ಇಷ್ಟ, ‘ಯುಜ಼್ಮೆಯೆ ಬಶ್ಲದಿಮ್’ ಈಜೋಕೆ ಶುರು ಮಾಡಿದೆ, ‘ಯುಜ಼್ಮೆಕ್ತೆನ್ ಕೊರ್ಕುಯೊರುಮ್’ ಈಜೋಕೆ ಹೆದರಿಕೆ. ‘ಬಶ್ಲಮಕ್’ಗೆ -ಎ ಎಂದು ಹಂತ 1ರಲ್ಲಿ ಬರೆದಿಟ್ಟಿದ್ದರೆ ಇದನ್ನು ಮತ್ತೆ ಕಲಿಯುವುದೇ ಬೇಡ. ‘ಇಸ್ತೆಮೆಕ್’ (ಬಯಸು) ಮಾತ್ರ, ಬಯಸುವವನೂ ಮಾಡುವವನೂ ಒಬ್ಬನೇ ಆಗಿದ್ದಾಗ, ಪ್ರತ್ಯಯವಿಲ್ಲದ ರೂಪದೊಡನೆ ಬರುತ್ತದೆ: ‘ಯುಜ಼್ಮೆಕ್ ಇಸ್ತಿಯೊರುಮ್’, ಈಜಲು ಬಯಸುತ್ತೇನೆ.

ಅನುಮಾನ ಬಂದರೆ ಎರಡು ಪರೀಕ್ಷೆ

ಕರ್ಮಣಿಗೆ ತಿರುಗಿಸಿ. ಕರ್ಮ ಕರ್ತೃವಿನ ಜಾಗಕ್ಕೆ ಬಂದು ಪ್ರತ್ಯಯ ಕಳಚಿದರೆ ಅದು -ಇ ಕ್ರಿಯಾಪದ: ‘ಕಿತಪ್ ಒಕುಂದು’, ಪುಸ್ತಕ ಓದಲ್ಪಟ್ಟಿತು. ಪ್ರತ್ಯಯ ಅಲ್ಲಾಡದಿದ್ದರೆ ಅಲ್ಲ: ‘ಒನ ಯರ್ದಿಮ್ ಎದಿಲ್ದಿ’, ಅವನಿಗೆ ಸಹಾಯ ಮಾಡಲಾಯಿತು. ‘ಒ ಯರ್ದಿಮ್ ಎದಿಲ್ದಿ’ ಎಂದು ಟರ್ಕಿಶ್‌ನಲ್ಲಿ ಹೇಳಲಾಗದು.

ಪ್ರೇರಣಾರ್ಥಕ ಮಾಡಿ. -ಇ ಕ್ರಿಯಾಪದವಾದರೆ ಕೆಲಸ ಮಾಡಿದವನಿಗೆ -ಎ: ‘ಮೆಕ್ತುಬು ಅಲಿಯೆ ಯಜ಼್ದಿರ್ದಿಮ್’, ಪತ್ರವನ್ನು ಅಲಿ ಕೈಲಿ ಬರೆಸಿದೆ. -ಎ ಕ್ರಿಯಾಪದವಾದರೆ -ಇ ಜಾಗ ಖಾಲಿಯಿರುವುದರಿಂದ ಅವನು ಅಲ್ಲಿಗೆ ಬರುತ್ತಾನೆ: ‘ಅಲಿಯಿ ಅತ ಬಿಂದಿರ್ದಿಮ್’, ಅಲಿಯನ್ನು ಕುದುರೆ ಹತ್ತಿಸಿದೆ. ಕನ್ನಡದ ‘ಕೈಲಿ’ಯನ್ನು -ಲೆ ಮಾಡಿದರೆ ‘ಅಲಿಯ ಜೊತೆ ಸೇರಿ’ ಎಂದಾದೀತು.

ಪ್ರಶ್ನೆ ಕೇಳಿ ನೋಡುವುದೂ ಒಂದು ದಾರಿ (ಕಿಮಿ, ಕಿಮೆ, ಕಿಮ್ದೆನ್, ಕಿಮಿನ್ಲೆ). ಮನುಷ್ಯರಿಗೆ ಇದು ನಂಬಬಹುದಾದ ಪರೀಕ್ಷೆ. ವಸ್ತುವಿಗಾದರೆ ‘ನೆದೆನ್’ ಎಂಬಲ್ಲಿ ಗೊಂದಲ, ಅದಕ್ಕೆ ‘ಯಾಕೆ’ ಎಂತಲೂ ಅರ್ಥವಿದೆ. ‘ನೆದೆನ್ ಕೊರ್ಕುಯೊರ್ಸುನ್?’ ಎಂದರೆ ಯಾಕೆ ಹೆದರ್ತೀಯ ಎಂದೂ ಆದೀತು, ಯಾವುದಕ್ಕೆ ಹೆದರ್ತೀಯ ಎಂದೂ ಆದೀತು.

ಅಲ್ಲಿಯವರೂ ಎಡವುವ ಜಾಗ

ಬೇರೆ ಬೇರೆ ವಿಭಕ್ತಿ ಬೇಡುವ ಎರಡು ಕ್ರಿಯಾಪದಗಳಿಗೆ ಒಂದೇ ಕರ್ಮ ಹಂಚುವುದು. ‘ಒನ ಇನನಿಯೊರ್ ವೆ ಸೆವಿಯೊರುಮ್’ (ಅವನನ್ನು ನಂಬುತ್ತೇನೆ ಮತ್ತು ಪ್ರೀತಿಸುತ್ತೇನೆ) ಎಂಬ ವಾಕ್ಯಕ್ಕೆ ಟರ್ಕಿಯ ಶಾಲೆಗಳಲ್ಲಿ ಕೆಂಪು ಗೆರೆ ಬೀಳುತ್ತದೆ. ‘ಅನ್ಲತಿಮ್ ಬೊಜ಼ುಕ್ಲೂ’ ಎಂಬ ತಲೆಬರಹದಲ್ಲಿ ವಾಕ್ಯದೋಷ ಹುಡುಕುವ ಪ್ರಶ್ನೆಗಳು ಅಲ್ಲಿನ ಪರೀಕ್ಷೆಗಳಲ್ಲಿ ಬರುತ್ತವೆ, ಅವುಗಳಲ್ಲಿ ಕರ್ಮ ಬಿಟ್ಟುಹೋದ ಈ ಬಗೆಯದೂ ಒಂದು. ಸರಿಯಾದದ್ದು: ‘ಒನ ಇನನಿಯೊರ್ ವೆ ಒನು ಸೆವಿಯೊರುಮ್’. ಕನ್ನಡದಲ್ಲಿ ನಂಬು, ಪ್ರೀತಿಸು ಎರಡಕ್ಕೂ ‘ಅನ್ನು’ ಆದ್ದರಿಂದ ನಮಗೆ ಇಲ್ಲಿ ಎಚ್ಚರದ ಗಂಟೆ ಬಾರಿಸುವುದೇ ಇಲ್ಲ.

ಅಭ್ಯಾಸಕ್ಕೆ ಕೆಲವು

ಮೊದಲು ಬಲಗಡೆ ಮುಚ್ಚಿಕೊಂಡು ನೀವೇ ಹೇಳಿ ನೋಡಿ.

ಬಾಗಿಲನ್ನು ಮುಟ್ಟಬೇಡಿ: ‘ಕಪಿಯ ದೊಕುನ್ಮಯಿನ್’. ಬರೀ ಸ್ಪರ್ಶ, ಹಾಗಾಗಿ -ಎ.

ಬಾಗಿಲನ್ನು ತೆಗೆಯಿರಿ: ‘ಕಪಿಯಿ ಅಚಿನ್’. ಬಾಗಿಲಿನ ಸ್ಥಿತಿ ಬದಲಾಯಿತು, -ಇ.

ನಿನ್ನೆ ಸಂಜೆ ಟೀ ಕುಡಿದು ಪತ್ರ ಬರೆದೆ: ‘ದುನ್ ಅಕ್ಶಮ್ ಚಯ್ ಇಚಿಪ್ ಮೆಕ್ತುಪ್ ಯಜ಼್ದಿಮ್’. ಎರಡೂ -ಇ ಕ್ರಿಯಾಪದ, ಎರಡೂ ಕರ್ಮ ಬರಿಯದು. ‘ಚಯಿ, ಮೆಕ್ತುಬು’ ಎಂದರೆ ಯಾವ ಟೀ, ಯಾವ ಪತ್ರ ಎಂದು ಕೇಳುವವರಿಗೆ ಮೊದಲೇ ಗೊತ್ತಿರಬೇಕು.

ಬಸ್ಸಿಗೆ ಕಾಯ್ತಿದೀನಿ: ‘ಒತೊಬುಸ್ ಬೆಕ್ಲಿಯೊರುಮ್’. ‘ಗೆ’ ನೋಡಿ -ಎ ಹಾಕಿದರೆ ತಪ್ಪು. ಹತ್ತೂವರೆಯ ಆ ಬಸ್ಸಿಗೇ ಆದರೆ ‘ಒತೊಬುಸು’.

ಅವಳು ಒಬ್ಬ ಡಾಕ್ಟರನ್ನು ಮದುವೆಯಾದಳು: ‘ಬಿರ್ ದೊಕ್ತೊರ್ಲ ಎವ್ಲೆಂದಿ’.

ನಾನು ನಾಯಿಗೆ ಹೆದರಲ್ಲ, ನಾಯೀನೇ ನನಗೆ ಹೆದರುತ್ತೆ: ‘ಬೆನ್ ಕೊಪೆಕ್ತೆನ್ ಕೊರ್ಕ್ಮಮ್, ಕೊಪೆಕ್ ಬೆಂದೆನ್ ಕೊರ್ಕರ್’. ಎರಡೂ ಕಡೆ -ದೆನ್. ‘ನಾಯಿ ನನ್ನನ್ನು ಹೆದರಿಸಿತು’ ಎಂದು ಬದಲಿಸಿದರೆ ಕ್ರಿಯಾಪದ ‘ಕೊರ್ಕುತ್ಮಕ್’ ಆಗುತ್ತದೆ, ಬೇಡಿಕೆಯೂ ಬದಲಾಗುತ್ತದೆ: ‘ಕೊಪೆಕ್ ಬೆನಿ ಕೊರ್ಕುತ್ತು’.